ಎಡಗೈ

ಸೆಟ್ಟಿನ ಗೋಡೆಗಳಿಗೆ ಬಣ್ಣ ಹೊಡೆಯುವ ಆಕೆಯನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ಹೆಂಡತಿ ಮಕ್ಕಳನ್ನು ಕಾಲಕಸ ಮಾಡಿಕೊಂಡ ಸ್ವಾರ್ಥಿ ಚಿತ್ರಕಾರನೊಬ್ಬನ ಧಾರಾವಾಹಿ. ಅರಮನೆಯಂಥ ಮನೆ, ಮೈತುಂಬ ಒಡವೆ ಹೇರಿಕೊಂಡ ಮೂರು ತಲೆಮಾರು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ನಾಯಕನಟನಿಗೆ ಒಂದು ಗೆರೆ ಎಳೆಯಲೂ ಬಾರದು. ಚಿತ್ರ ಬರೆಯುವ ಕೈಯನ್ನು ಹತ್ತಿರದಿಂದ ತೋರಿಸುವಾಗಲೆಲ್ಲ ಅವನ ಜುಬ್ಬಾ, ಉಂಗುರ ತೊಟ್ಟು ಅಕ್ಕನೇ ಕೂರಬೇಕು.

ನೂರು ಕಂತು ಕಳೆದ ಮೇಲೆ ನೋಡುಗರು ಕೇಳಿದರು: ಬಲಗೈಯಲ್ಲಿ ಸಹಿ ಹಾಕುವವನು ಎಡಗೈಯಲ್ಲಿ ಚಿತ್ರ ಬರೆಯುವುದು ಹೇಗೆ?

ನಿರ್ದೇಶಕ ಓಡಿ ಬಂದ. "ಅಕ್ಕಾ, ಇವತ್ತಿಂದ ಬಲಗೈಲಿ ಬರೀರಿ."

"ಮೇಷ್ಟ್ರು ಗೆಣ್ಣಿಗೆ ಹೊಡೆದ್ರೂ ಬದಲಾಗದ ಕೈ ಇದು. ನೀವು ಹೇಳಿದ ತಕ್ಷಣ ಬದಲಾಗುತ್ತಾ? ಅವರೇ ಎಡಗೈಲಿ ಸಹಿ ಹಾಕೋದು ಕಲೀಲಿ."

"ಅವರು ಹೀರೋ ಅಕ್ಕಾ!"

"ಮುಖಕ್ಕೆ ಅವರು ಹೀರೋ. ಕೈಗೆ ನಾನೇ."

ಉಂಗುರ ಕಳಚಿಟ್ಟು, ಚಿತ್ರವನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದಳು.

ಮರುದಿನ ಬಂದು ನೋಡಿದರೆ, ನಾಯಕನಟ ಮೂಲೆಯಲ್ಲಿ ಕೂತು ಎಡಗೈಯಲ್ಲಿ ತನ್ನ ಹೆಸರನ್ನು ತಿದ್ದುತ್ತಿದ್ದ. ಅಕ್ಷರಗಳು ಸೊಟ್ಟಪಟ್ಟ, ಹಣೆಯಲ್ಲಿ ಬೆವರು.

"ಪೆನ್ನು ಅಷ್ಟು ಬಿಗಿ ಹಿಡೀಬೇಡಿ ಸಾರ್" ಎಂದ ಅಕ್ಕ, ಉಂಗುರಕ್ಕಾಗಿ ಎಡಗೈ ಚಾಚಿದಳು.