ಹುಸೇನಪೀರ ಮಿಸ್ತ್ರಿಯ ಕೈಗುಣ

ರಾಯಚೂರಿನ ಗಂಜ್ ರಸ್ತೆಯಲ್ಲಿ ಹುಸೇನಪೀರ ಮಿಸ್ತ್ರಿಯನ್ನು ಮೋಟಾರು ಡಾಕ್ಟರು ಎಂದು ಕರೆಯುತ್ತಿದ್ದರು. ಹಾಗೆ ಕರೆಯಲು ಮೊದಲು ಶುರು ಮಾಡಿದ್ದು ಅವನೇ. ಬಾನೆಟ್ ಎತ್ತುವ ಮುಂಚೆಯೇ ರೋಗ ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪಾದರೆ ಅಷ್ಟೇ ಗಟ್ಟಿ ದನಿಯಲ್ಲಿ ಇನ್ನೊಂದು ಹೇಳುತ್ತಿದ್ದ. ಕೆಲಸ ಬರುತ್ತಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ಬರುತ್ತಿತ್ತು. ಆದರೆ ಕೈಗಿಂತ ಬಾಯಿ ಸದಾ ಒಂದು ಗೇರು ಮುಂದಿರುತ್ತಿತ್ತು.

ಎಪ್ಪತ್ತೆಂಟರ ಸುಮಾರಿಗೆ ದೇವದುರ್ಗದ ಕುರಿ ವ್ಯಾಪಾರಿ ಮಾಳಿಂಗಪ್ಪ ಒಂದು ಹಳೇ ಆಸ್ಟಿನ್ ಕಾರು ಕೊಂಡ. ಹಿಂದೆ ಯಾರೋ ಜಾಗೀರದಾರರು ಮೆರೆಸಿ ಬಿಟ್ಟ ಗಾಡಿ. ಕುರಿಗಳ ಹಿಂದೆ ನಡೆದೇ ಬೆಳೆದ ಮನುಷ್ಯ ಸ್ಟೇರಿಂಗ್ ಹಿಡಿದು ಬರುವುದನ್ನು ಜನ ರಸ್ತೆಯ ಎರಡೂ ಬದಿಗೆ ನಿಂತು ನೋಡುತ್ತಿದ್ದರು. ಅವರು ಹಾಗೆ ನೋಡಿ ಕಾರಿಗೆ ದೃಷ್ಟಿ ತಾಗೀತೆಂದು ಅವನ ತಾಯಿ ಬಂಡೆಮ್ಮನಿಗೆ ಭಯ. ಅಮಾವಾಸ್ಯೆಗೊಮ್ಮೆ ಆಕೆ ದೇವರ ಭಂಡಾರದ ಅರಿಶಿನವನ್ನು ಔಡಲೆಣ್ಣೆಯಲ್ಲಿ ಕಲಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ದಪ್ಪಗೆ ಮೆತ್ತುತ್ತಿದ್ದಳು.

“ಉಣ್ಣೋ ಬಾಯಿಗೇ ನೆದರ ಆಗೋದು ಯಪ್ಪಾ. ಗಾಲಿ ನೋಡಿ ಯಾರು ಹೊಟ್ಟಿ ಉರ್ಕೋತಾರ?” ಎನ್ನುತ್ತಿದ್ದಳು.

ಮಾಳಿಂಗಪ್ಪ ಹೊರಗೆ ಹತ್ತು ಜನರನ್ನು ಗದರಿಸುವವನು, ತಾಯಿಯ ಮುಂದೆ ಮಾತ್ರ ಕುರಿಮರಿ. ಆಕೆ ಮೆತ್ತಿದ್ದನ್ನು ಒರೆಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕಾರಿಗೆ ಒಂದು ಚಾಳಿ ಹತ್ತಿತು. ರಾಯಚೂರಿನಿಂದ ಹೊರಟು ಸಿರವಾರ ಕಾಣುವ ಹೊತ್ತಿಗೆ ಗೊರಗೊರ ಎಂದು ನಿಂತುಬಿಡುತ್ತಿತ್ತು. ಪೆಟ್ರೋಲು ತೋರಿಸುವ ಮುಳ್ಳು ಎಂದೋ ಸತ್ತಿದ್ದರಿಂದ ಮಾಳಿಂಗಪ್ಪ ಇಳಿದು, ಮುಚ್ಚಳ ಬಿಚ್ಚಿ, ಕಡ್ಡಿ ಇಳಿಬಿಟ್ಟು ನೋಡುತ್ತಿದ್ದ. ಪೆಟ್ರೋಲೇನೋ ಇರುತ್ತಿತ್ತು. ರಸ್ತೆ ಬದಿಯ ದುರುಗಮ್ಮನ ಕಟ್ಟೆಗೆ ಒಂದು ಕಾಯಿ ಒಡೆದು ಬಂದು ಸ್ಟಾರ್ಟ್ ಮಾಡಿದರೆ ಕಾರು ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ದುರುಗಮ್ಮನೇ ಹೊರಡಿಸಿದಳು ಎಂದು ಸಿರವಾರದವರು ಪೂರಾ ನಂಬಿದರು. ಮಾಳಿಂಗಪ್ಪ ಅರ್ಧ ನಂಬಿ, ಉಳಿದರ್ಧಕ್ಕೆ ಹುಸೇನಪೀರನ ಬಳಿ ಬಂದ.

ಹುಸೇನಪೀರ ಮೊದಲು ಕಾರ್ಬುರೇಟರಿನಲ್ಲಿ ಕಸ ಎಂದ, ಬಿಚ್ಚಿ ತೊಳೆದ. ಕಾರು ಸಿರವಾರದಲ್ಲಿ ನಿಂತಿತು. ಪೆಟ್ರೋಲ್ ಪಂಪು ಮುದಿಯಾಗಿದೆ ಎಂದ, ಬೇರೆ ಹಾಕಿದ. ಸಿರವಾರದಲ್ಲಿ ನಿಂತಿತು. ಪೈಪಿಗೆ ಬಾಯಿ ಹಚ್ಚಿ ಊದಿ, ಹೀರಿ, ಒಂದು ಗುಟುಕು ಪೆಟ್ರೋಲು ನುಂಗಿ, ಈಗ ಸರಿಯಾಯಿತು ಎಂದ. ಆಗಲೂ ನಿಂತಿತು. ಗಂಜಿನ ಹಮಾಲರು ಸಹ ನಗತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ. ಚಹಾದ ಹೋಟೆಲಿನಲ್ಲಿ ಎಲ್ಲರೆದುರು ಮೀಸೆಯ ಮೇಲೆ ಕೈಯಿಟ್ಟು ಆಣೆ ಹಾಕಿದ.

“ಇನ್ನೊಮ್ಮೆ ನಿಂತ್ರ ಈ ಮೀಸಿ ಬೋಳಿಸ್ಕೊಂಡು ದುಕಾನಿಗೆ ಬೀಗ ಜಡಿತೀನಿ!”

“ಹಂಗಾದ್ರ ನೀವೂ ಗಾಡ್ಯಾಗ ಕೂಡ್ರಿ ಮಿಸ್ತ್ರಿ,” ಎಂದ ಮಾಳಿಂಗಪ್ಪ ಬಲು ವಿನಯದಿಂದ.

ದಾರಿಯುದ್ದಕ್ಕೂ ಹುಸೇನಪೀರನ ಜೀವ ಅಂಗೈಯಲ್ಲಿತ್ತು. ಸಿರವಾರ ಕಂಡಿತು. ಕಾರು ಗೊರಗೊರ ಎಂದಿತು, ನಿಂತಿತು. ಕಾಯಿ ಒಡೆಯುವುದನ್ನು ನೋಡಲೆಂದೇ ಕಾದಿದ್ದ ಜನ ಸುತ್ತ ನೆರೆದರು.

ಹುಸೇನಪೀರ ಬಾನೆಟ್ ಎತ್ತಿ, ಎಂಜಿನ್ನಿನ ಬಳಿಯ ಪೈಪು ಬಿಚ್ಚಿ, ಬಾಯಿಂದ ಹೀರಿದ. ತೊಟ್ಟೂ ಬರಲಿಲ್ಲ. ಹಿಂದೆ ಮಾಳಿಂಗಪ್ಪ ಎಂದಿನಂತೆ ಕಡ್ಡಿ ಹಾಕಲು ಮುಚ್ಚಳ ತಿರುವಿದ. ಹುಸ್ ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ಮತ್ತೆ ಹೀರಿದರೆ ಪೆಟ್ರೋಲು ಬಾಯ್ತುಂಬ ಬಂತು.

ಹುಸೇನಪೀರ ಹಿಂದೆ ಹೋಗಿ ಮುಚ್ಚಳ ತಿರುಗಿಸಿ ನೋಡಿದ. ಟ್ಯಾಂಕಿಗೆ ಗಾಳಿ ಹೋಗಲೆಂದು ಅದಕ್ಕೊಂದು ಪಿನ್ನಿನಷ್ಟು ತೂತು ಇರುತ್ತದೆ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಹೊರಗೆ ಬರುವುದಿಲ್ಲ. ಆ ತೂತಿನಲ್ಲಿ ಬಂಡೆಮ್ಮನ ಭಂಡಾರ ಕಲ್ಲಾಗಿ ಕೂತಿತ್ತು. ತನ್ನ ಅಂಗಳದಲ್ಲೂ ಪ್ರತಿ ಸಲ ಮೊದಲು ಮುಚ್ಚಳ ಬಿಚ್ಚಿಯೇ ಪರೀಕ್ಷೆ ಮಾಡಿದ್ದು ನೆನಪಾಗಿ ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಏನಾಗಿತ್ರೀ? ಮತ್ತ ನಿಂತಿತಲ್ಲ?” ಮಾಳಿಂಗಪ್ಪನ ಕಣ್ಣು ಮೀಸೆಯ ಮೇಲಿತ್ತು.

ನಿಜ ಹೇಳಬಹುದಿತ್ತು. ಆದರೆ ಮೂರು ಸಲ ಎಂಜಿನ್ ಬಿಚ್ಚಿದ ಡಾಕ್ಟರು ಒಂದು ತೂತು ಕಾಣಲಿಲ್ಲ ಎಂದು ಸಂತೆಯಷ್ಟು ಜನರ ಮುಂದೆ ಹೇಳುವುದೆಂದರೆ ಮೀಸೆಯ ಜೊತೆ ಮೂಗೂ ಹೋದಂತೆ. ಅವನು ಪೈಪು ಜೋಡಿಸಿ ಬಂದು, ಟ್ಯಾಂಕಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ.

“ಎಲ್ಲಿ ನಿಂತದ? ನಾಡಿ ನೋಡಾಕ ನಾನೇ ನಿಲ್ಸೀನಿ. ಈಗ ಚಾಲೂ ಮಾಡ್ರಿ.”

ಕಾರು ಚಾಲೂ ಆಯಿತು. ಆ ದಿನ ದುರುಗಮ್ಮನಿಗೆ ಕಾಯಿ ಸಿಗಲಿಲ್ಲ.

ಅಲ್ಲಿಂದ ಮುಂದೆ ಮಾಳಿಂಗಪ್ಪ ಅವನನ್ನು ಬಿಟ್ಟು ಕಾರು ಹತ್ತಲೇ ಇಲ್ಲ. ಸಿರವಾರದಲ್ಲಿ ನಿಂತಾಗಲೆಲ್ಲ ಹುಸೇನಪೀರ ಇಳಿದು, ಮುಚ್ಚಳದ ಮೇಲೆ ಟವೆಲ್ಲು ಹೊದಿಸಿ, ಗುಟ್ಟಾಗಿ ತಿರುವಿ, ಆಮೇಲೆ ಅಂಗೈಯಿಡುತ್ತಿದ್ದ. ಜೇಬಿನಲ್ಲಿ ಪಿನ್ನು ಇತ್ತು. ಚುಚ್ಚಲಿಲ್ಲ.

“ಒಮ್ಮೆ ಚುಚ್ಚಿದ್ರ ಮುಗೀತದಲ್ರೀ?” ಎಂದು ಹೆಂಡತಿ ವಾಹಿದಾ ಕೇಳಿದಳು.

“ಮುಗೀತದ. ಆಮ್ಯಾಲೆ ನನ್ನ ಯಾರು ಕೇಳ್ತಾರ?”

“ಈಗಾದ್ರೂ ಕೇಳಾಕತ್ತಿದ್ದು ನಿಮ್ಮನ್ನಲ್ಲ ಬಿಡ್ರಿ, ನಿಮ್ಮ ನಾಟಕಾನ,” ಎಂದು ಆಕೆ ಒಲೆಯ ಕಡೆ ತಿರುಗಿದಳು.

ಸುದ್ದಿ ಮಾನ್ವಿಗೆ ಹೋಯಿತು. ಕಾಲುವೆಗೆ ನೀರು ಬಿಟ್ಟ ವಾರ, ಹಿರೇಕೊಟ್ನೆಕಲ್ಲಿನ ಪರಮಣ್ಣನ ಟ್ರ್ಯಾಕ್ಟರು ಕೆಸರುಗದ್ದೆಯ ನಡುವೆ ಕೆಟ್ಟು ನಿಂತಾಗ ಜನ ಬಂದು ಹುಸೇನಪೀರನನ್ನು ಕರೆದೊಯ್ದರು. ಅವನು ಒಂದೇ ನೋಟಕ್ಕೆ ತಿಳಿದುಕೊಂಡ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಒಂದು ನಟ್ಟು ಸಡಿಲಿಸಿ ಗಾಳಿ ಬಿಟ್ಟರೆ ಸಾಕು. ಎಷ್ಟೋ ತಿಂಗಳ ಮೇಲೆ ನಿಜವಾದ ಕೆಲಸ ಸಿಕ್ಕಿದ ಖುಷಿಯಲ್ಲಿ ನಟ್ಟು ಬಿಚ್ಚುವ ಪಾನಾ ತೆಗೆದ.

ಪರಮಣ್ಣ ಅವನ ಕೈ ಹಿಡಿದುಕೊಂಡ. “ಪಾನಾ ಯಾಕ್ರೀ ಮಿಸ್ತ್ರಿ? ಪಾನಾ ಹಿಡಿಯೋರು ಮಾನ್ವ್ಯಾಗ ಬೇಕಾದಷ್ಟು ಮಂದಿ ಅದಾರ. ಮಾಳಿಂಗಪ್ಪ ಸಾವ್ಕಾರ್ರ ಕಾರಿಗೆ ಮುಟ್ಟಿದಂಗ ಮುಟ್ರಿ, ಸಾಕು.”

“ಮುಟ್ಟಿದ್ರ ಏನೂ ಆಗೂದಿಲ್ಲಪ್ಪ! ಪೈಪಿನ್ಯಾಗ ಗಾಳಿ ಹೊಕ್ಕದ, ನಟ್ಟು ಬಿಚ್ಚಬೇಕು,” ಎಂದು ಹುಸೇನಪೀರ ಕೂಗಿದ. ಬಹಳ ದಿನಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಸತ್ಯ ಅದು.

ಬದುವಿನ ಮೇಲಿನ ಜನ ನಕ್ಕರು. “ದೊಡ್ಡೋರು ನಮ್ಮನ್ನ ಪರೀಕ್ಷಾ ಮಾಡಾಕತ್ತಾರ,” ಎಂದು ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಇನ್ನೊಬ್ಬ ಪಾನಾವನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿ, ಬಟ್ಟೆಯಲ್ಲಿ ಸುತ್ತಿ, ಬದುವಿನ ಮೇಲಿಟ್ಟ.

ಹುಸೇನಪೀರನಿಗೆ ಅಳು ಬಂತು. ಟ್ಯಾಂಕಿನ ಮೇಲೆ ಅಂಗೈಯಿಟ್ಟ. ಪರಮಣ್ಣ ಹತ್ತಿ ಕೂತು ಚಾವಿ ತಿರುವಿದ. ಟ್ರ್ಯಾಕ್ಟರು ಕಿರ್ರೆಂದು ಸುಮ್ಮನಾಯಿತು.

“ಇನ್ನೊಮ್ಮೆ ಮುಟ್ರಿ,” ಎಂದ ಪರಮಣ್ಣ, ಒಂದಿಷ್ಟೂ ನಂಬಿಕೆ ಕಳೆದುಕೊಳ್ಳದೆ.

ಹುಸೇನಪೀರ ಇನ್ನೊಮ್ಮೆ ಮುಟ್ಟಿದ.