ಆಜ್ಞೆಯಲ್ಲಿಲ್ಲದ ಒಂದು ಪದ

ಅಣ್ಣನಿಗೂ ಭಾವನಿಗೂ ಎಣ್ಣೆ-ಸೀಗೆಕಾಯಿ. ಭಾವನ ಬಚ್ಚಲ ನೀರು ನಮ್ಮ ಅಂಗಳಕ್ಕೆ ಹರಿಯತೊಡಗಿದ ದಿನದಿಂದ ಮಾತು ಬಿಟ್ಟವರು. ಗ್ರಹಚಾರಕ್ಕೆ ಇಬ್ಬರಿಗೂ ಒಂದೇ ಕಡೆ ಕೆಲಸ. ಕೊಲ್ಲಿ ದಾಟಿಸುವ ಪ್ರಯಾಣಿಕರ ಹಡಗಿಗೆ ಭಾವ ಕ್ಯಾಪ್ಟನ್, ಅಣ್ಣ ಚುಕ್ಕಾಣಿಯವನು.

ಕ್ಯಾಪ್ಟನ್ ಹೇಳಿದ್ದನ್ನು ಚುಕ್ಕಾಣಿಯವನು ಅಕ್ಷರಶಃ ತಿರುಗಿ ಹೇಳಿ, ಆಮೇಲೆ ಚಕ್ರ ತಿರುಗಿಸಬೇಕು. ತಪ್ಪಿದ್ದರೆ ಕ್ಯಾಪ್ಟನ್ ಅಷ್ಟರಲ್ಲೇ ತಿದ್ದಬೇಕು. ನಮ್ಮ ಮನೆಯಲ್ಲೂ ಇದೇ ಪದ್ಧತಿ. ತಿರುಗಿ ಹೇಳುವವನು ನಾನು, ತಿದ್ದುವವಳು ಹೆಂಡತಿ.

ಒಮ್ಮೆ ಭಾವ ಸಿಟ್ಟಿನಲ್ಲಿ, "ಎಡಕ್ಕೆ ಹತ್ತು ಡಿಗ್ರಿ, ಕತ್ತೆ!" ಎಂದ. ಅಣ್ಣ ನೆಟ್ಟಗೆ ನಿಂತು, ಪ್ರಯಾಣಿಕರಿಗೂ ಕೇಳುವಂತೆ, "ಎಡಕ್ಕೆ ಹತ್ತು ಡಿಗ್ರಿ, ಕತ್ತೆ!" ಎಂದು ಒಪ್ಪಿಸಿದ. ಭಾವನಿಂದ ಕಚೇರಿಗೆ ದೂರು ಹೋಯಿತು. ಇನ್ನೊಂದು ದೂರು ಬಂದರೆ ಚಕ್ರ ಬಿಟ್ಟು ಹಗ್ಗ ಎಳೆಯಬೇಕಾದೀತು ಎಂದು ಕಚೇರಿಯವರು ಅಣ್ಣನನ್ನು ಎಚ್ಚರಿಸಿದರು. ಅಣ್ಣನಿಗೆ ಆ ಚಕ್ರವೆಂದರೆ ಪ್ರಾಣ. ಅತ್ತಿಗೆ ಅದನ್ನು ಸವತಿ ಎಂದೇ ಕರೆಯುತ್ತಾಳೆ.

ಅಂದಿನಿಂದ ಭಾವನ ಆಜ್ಞೆಗಳು ತೊಳೆದ ಮುತ್ತು, ಒಂದು ಪದ ಹೆಚ್ಚಿಲ್ಲ. ಆದರೆ ಅಣ್ಣನ ಉತ್ತರಕ್ಕೆ ಕಿವಿಗೊಡುವುದನ್ನೇ ಆತ ಬಿಟ್ಟುಬಿಟ್ಟ.

ಒಂದು ಮಧ್ಯಾಹ್ನ ಅಕ್ಕ ಗಂಡನಿಗೆ ಕೊಟ್ಟ ಊಟದ ಡಬ್ಬಿ ಹಿಡಿದು ನಾನು ಚಕ್ರದ ಕೋಣೆಯ ಮೂಲೆಯಲ್ಲಿದ್ದೆ. ದಡ ಸೇರುತ್ತಿದ್ದ ಹಡಗನ್ನು ಗಾಳಿ ಎಡಕ್ಕೆ ತಳ್ಳುತ್ತಿತ್ತು. ಎಡಗಡೆಯ ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದ, ಡೀಸೆಲ್ ತುಂಬಿದ ದೋಣಿ. ಭಾವ ಕೈಯನ್ನು ಬಲಕ್ಕೆ ಚಾಚಿ, "ಎಡಕ್ಕೆ ಇಪ್ಪತ್ತು ಡಿಗ್ರಿ!" ಎಂದ.

"ಎಡಕ್ಕೆ ಇಪ್ಪತ್ತು ಡಿಗ್ರಿ?" ಅಣ್ಣ ಕೇಳಿದ. ಭಾವ ತಿರುಗಲಿಲ್ಲ.

"ಎಡಕ್ಕೆ ಇಪ್ಪತ್ತು ಡಿಗ್ರಿ?" ಅಣ್ಣ ಕೂಗಿದ. ಗೋಡೆಗೆ ಹೇಳಿದಂತಾಯಿತು.

ನಾನು ಡಬ್ಬಿಯನ್ನು ಭದ್ರವಾಗಿ ಹಿಡಿದುಕೊಂಡೆ. ಅಣ್ಣ ಚಕ್ರವನ್ನೊಮ್ಮೆ ಸವರಿದ.

"ಎಡಕ್ಕೆ ಇಪ್ಪತ್ತು ಡಿಗ್ರಿ, ಕತ್ತೆ!"

ಭಾವ ಚೇಳು ಕುಟುಕಿದವನಂತೆ ತಿರುಗಿದ. "ಯಾರಿಗೋ ಅಂದೆ? ಎಡಕ್ಕಂತೆ, ಎಡ..." ಅಷ್ಟರಲ್ಲಿ ತನ್ನದೇ ಕೈ ಕಣ್ಣಿಗೆ ಬಿತ್ತು. "ಬಲಕ್ಕೆ! ಬಲಕ್ಕೆ ಇಪ್ಪತ್ತು ಡಿಗ್ರಿ!"

"ಬಲಕ್ಕೆ ಇಪ್ಪತ್ತು ಡಿಗ್ರಿ."

ಡೀಸೆಲ್ ದೋಣಿಗೆ ಡಿಕ್ಕಿ ಕೂದಲೆಳೆಯಲ್ಲಿ ತಪ್ಪಿತು. ಹಡಗು ನಿಂತದ್ದೇ ಭಾವ ಕಚೇರಿಯ ಕಡೆ ಹೊರಟ.

"ಜನ ಉಳಿದರಲ್ಲೋ," ಎಂದ ಅಣ್ಣ.

"ಅದು ಬೇರೆ, ಇದು ಬೇರೆ. ನಾನು ಹೇಳದ ಪದ ಸೇರಿಸಿದೆ ನೀನು."

ಅಣ್ಣ ಈಗ ಹಗ್ಗ ಎಳೆಯುತ್ತಾನೆ. ಮೇಲಿನಿಂದ ಭಾವ, "ಹಗ್ಗ ಕಟ್ಟು!" ಎನ್ನುತ್ತಾನೆ. "ಹಗ್ಗ ಕಟ್ಟು," ಎನ್ನುವ ಅಣ್ಣ ಮುಂದಿನ ಪದವನ್ನು ಬಾಯಲ್ಲೇ ಜಗಿಯುತ್ತಾನೆ. ಭಾವ ಮಾತ್ರ ಈಗ ಕಿವಿ ನಿಮಿರಿಸಿ, ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಳ್ಳುತ್ತಾನೆ.