ಎದ್ದು ಹೋಗುವ ಮಕ್ಬೂಲ್ ಸಾಬರು

ಚನ್ನಪಟ್ಟಣದ ಮೆಕ್ಯಾನಿಕ್ ಮಕ್ಬೂಲ್ ಸಾಬರಿಗೆ ಜಗಳವಾಡಲು ಬರುತ್ತಿರಲಿಲ್ಲ. ಬರುತ್ತಿದ್ದುದು ಎದ್ದು ಹೋಗುವುದು. ಮದುವೆಯೂಟದಲ್ಲಿ ಭಾವಮೈದ ಏನೋ ಅಂದನೆಂದು ಬಿರಿಯಾನಿ ತಟ್ಟೆ ಬಿಟ್ಟು ಎದ್ದು ಹೋದವರು. ಮಸೀದಿ ಕಮಿಟಿಯ ಸಭೆಗಳಿಂದ ಎಷ್ಟು ಸಲ ಎದ್ದು ಹೋದರೆಂದರೆ, ಕೊನೆಗೆ ಅವರನ್ನು ಕರೆಯುವುದನ್ನೇ ಬಿಟ್ಟರು. ಮನೆಯಲ್ಲಿ ಹೆಂಡತಿ ಗುಲ್ಜಾರ್ ಬೀ "ಒಸಿ ಕೂತ್ಕೊಳಿ, ಮಾತೈತೆ" ಅಂದರೆ ಸಾಕು, ಚಪ್ಪಲಿ ಮೆಟ್ಟಿ ಮನೆಮುಂದಿನ ಗ್ಯಾರೇಜಿಗೆ ನಡೆದುಬಿಡುವರು. ಹೀಗೆ ಎದ್ದು ಹೋಗಿ ಹೋಗಿಯೇ ಒಳ್ಳೆ ಮೆಕ್ಯಾನಿಕ್ ಆದರು ಎಂದು ಬೀದಿಯವರು ಗೇಲಿ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಇಂಥವರು ಮಗಳ ಮದುವೆಯ ಮಾತನ್ನು ಮಾತ್ರ ಕೂತ ಜಾಗದಲ್ಲೇ ಮುಗಿಸಿಬಿಟ್ಟಿದ್ದರು. ಕನಕಪುರದ ಅಕ್ಕ ಕೆಹಕಶಾನ್ ಬಂದು ತನ್ನ ಮಗ ಸಾಬೀರನಿಗೆ ಅತಿಯಾಳನ್ನು ಕೇಳಿದಳು. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಚಹಾ ಆರುವುದರೊಳಗೆ ಮಕ್ಬೂಲ್ ಹೂಂ ಅಂದರು. ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವ ಲೇತಿನ ಮುಂದಿನಿಂದ ಸಂಜೆ ಮನೆಗೆ ಬಂದ ಅತಿಯಾಗೆ ಮಿಠಾಯಿ ಡಬ್ಬಿಯನ್ನು ನೋಡಿಯೇ ಸುದ್ದಿ ತಿಳಿದದ್ದು. ಅಂದಿನಿಂದ ಅವಳು ಬಾಯಿ ತೆರೆದಾಗೆಲ್ಲ ಅಪ್ಪ ಎದ್ದು ಹೋಗುತ್ತಿದ್ದರು. ನಿಶ್ಚಿತಾರ್ಥ ನಾಳೆಗೇ ಬಂದು ನಿಂತಿತ್ತು.

ಗ್ಯಾರೇಜಿನಲ್ಲಿ ಆ ದಿನ ಇದ್ದದ್ದು ಮಾಗಡಿಯ ರುದ್ರಪ್ರಸಾದರ ಹಳೇ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಮೇಲೆ ಚಾವಣಿಯಿಲ್ಲ, ಇಬ್ಬರಿಗಷ್ಟೇ ಸೀಟು, ನೆಲದ ಮೇಲೇ ಕೂತಿದ್ದೇವೇನೋ ಅನ್ನುವಷ್ಟು ತಗ್ಗು. ಎಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್‌ಶಾಫ್ಟ್ ಸವೆದು, ಅದರ ಉಬ್ಬುಗಳೆಲ್ಲ ಬೋಳಾಗಿದ್ದವು. ಹೊರದೇಶದಿಂದ ಹೊಸದು ಬರಲು ತಿಂಗಳುಗಳೇ ಹಿಡಿದವು. ಮಕ್ಬೂಲ್ ಅದನ್ನು ಕೂರಿಸಿ, ಅದರ ಮೇಲೆ ಕುಣಿಯುವ ಟ್ಯಾಪೆಟ್‌ಗಳನ್ನೂ ಹೊಸದೇ ಹಾಕಿ, ಉಬ್ಬುಗಳಿಗೆ ಕಪ್ಪು ಗ್ರೀಸು ಬಳಿದು ಮುಚ್ಚಿದ್ದರು. ಉಳಿದದ್ದು ಒಂದೇ ಗಂಡಾಂತರ. ಹೊಸ ಕ್ಯಾಮ್ ಹಾಕಿದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಮೇಲೆ ಇಪ್ಪತ್ತು ನಿಮಿಷ ಜೋರಾಗಿಯೇ ಓಡುತ್ತಿರಬೇಕು. ನಿಧಾನವಾದರೆ ಎಣ್ಣೆ ಸಾಕಷ್ಟು ಸಿಡಿಯದೆ ಹೊಸ ಉಬ್ಬುಗಳು ಅಲ್ಲೇ ಉಜ್ಜಿ ಕೆರೆದುಹೋಗುತ್ತವೆ. ಎಂಜಿನ್ನಿನ ವೇಗ ಹಿಡಿದಿಡುವ ಸ್ಕ್ರೂ ತಿರುಗಿಸಿಟ್ಟು ಸುಮ್ಮನಿರಬಹುದಿತ್ತು. ಆದರೆ ಮಕ್ಬೂಲರಿಗೆ ತಮ್ಮ ಬಲಗಾಲಿನ ಮೇಲಿದ್ದ ನಂಬಿಕೆ ಯಾವ ಸ್ಕ್ರೂ ಮೇಲೂ ಇರಲಿಲ್ಲ.

ಕೀ ತಿರುಗಿಸಿ, ಎಕ್ಸಲರೇಟರ್ ಒತ್ತಿ ಹಿಡಿದರು. ತಗಡಿನ ಗೋಡೆಗಳೆಲ್ಲ ನಡುಗಿದವು. ಅಷ್ಟರಲ್ಲಿ ಕಾರಿನ ಎಡಗಡೆಯ ಪುಟ್ಟ ಬಾಗಿಲು ತೆರೆದು ಅತಿಯಾ ಬಂದು ಪಕ್ಕದಲ್ಲಿ ಕೂತಳು. ಹುಟ್ಟಿದಾಗಿನಿಂದ ಈ ಗ್ಯಾರೇಜಿನ ಹಿಂದೆಯೇ ಬೆಳೆದವಳು. ಇಂಥ ಸದ್ದು ಕೇಳಿದರೆ ಅಪ್ಪ ಜಾಗ ಬಿಟ್ಟು ಕದಲುವಂತಿಲ್ಲ ಎಂಬುದು ಅವಳಿಗೆ ಗೊತ್ತು. ಇದಕ್ಕೇ ಕಾದಿದ್ದಳು. ಮನೆಮಾತು ಉರ್ದುವಾದರೂ ಅವಳಿಗೆ ಜಗಳಕ್ಕೆ ಕನ್ನಡವೇ ಸಲೀಸು.

"ಈಗ ಎದ್ದೋಗಿ ನೋಡಾನ, ಅಬ್ಬಾ!" ಎಂದು ಅಪ್ಪನ ಕಿವಿಯ ಹತ್ತಿರ ಕೂಗಿದಳು.

"ಏಯ್, ಇಳಿ ಕೆಳಗೆ! ಆಮೇಲೆ ಮಾತಾಡಾನ!"

"ಆಮೇಲೆ ನೀವೆಲ್ಲಿ ಸಿಕ್ತೀರ? ನಂಗೆ ಸಾಬೀರ್ ಬ್ಯಾಡ. ಮದ್ವೆ ಆದ್ಮೇಲೆ ಗೊಂಬೆ ಕೆಲ್ಸ ಬುಟ್ಬುಡಬೇಕಂತೆ. ಮನೇಲೇ ಬಿದ್ದಿರಬೇಕಂತೆ. ಅವನೇ ಫೋನಲ್ಲಿ ಅಂದ."

ಮಕ್ಬೂಲರಿಗೆ ಮೈಯೆಲ್ಲ ಉರಿಯಿತು. ಕಾಲು ತಾನಾಗಿಯೇ ಮೇಲೇಳಲು ನೋಡಿತು. ಮೀಟರಿನ ಮುಳ್ಳು ಕೆಳಗಿಳಿದು ಎಂಜಿನ್ನಿನ ದನಿ ಕುಗ್ಗಿತು.

"ಕಾಲು, ಅಬ್ಬಾ, ಕಾಲು!" ಅತಿಯಾಳೇ ಗಾಬರಿಯಾಗಿ ಕಿರುಚಿದಳು.

ಮತ್ತೆ ಒತ್ತಿದರು. ಎದುರಿಗೆ ಸ್ಟೀರಿಂಗು, ಪಕ್ಕದಲ್ಲಿ ಮಗಳು, ಕಾಲಡಿ ಪೆಡಲು. ಇಷ್ಟು ವರ್ಷ ಯಾರ ಕೈಗೂ ಸಿಗದ ಮನುಷ್ಯ ಇಲಿಬೋನಿಗೆ ಬಿದ್ದಂತಾಗಿದ್ದರು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

"ಕೆಹಕಶಾನ್ ಆಪಾಗೆ ಮಾತು ಕೊಟ್ಬುಟ್ಟಿವ್ನಿ ಕಣಮ್ಮ! ಅವಳ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ?"

"ಇಪ್ಪತ್ ನಿಮ್ಸ ಕೂರಕ್ಕೇ ನಿಮಗೆ ಹಿಂಗಾಗ್ತಾ ಐತೆ. ನಾನು ಸಾಯಗಂಟ ಕೂತಿರಬೇಕಲ್ಲಬ್ಬಾ!"

ಅತಿಯಾ ಮತ್ತೇನೋ ಹೇಳಿದಳು, ಅರ್ಧ ಕೇಳಿಸಿತು, ಅರ್ಧ ಸದ್ದಿನಲ್ಲಿ ಕೊಚ್ಚಿಹೋಯಿತು. ಆಮೇಲೆ ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡು ಎಣ್ಣೆಯ ಮೀಟರನ್ನೇ ನೋಡುತ್ತ ಕೂತಳು. ಉಳಿದ ನಿಮಿಷಗಳು ಮುಗಿಯುವಂತೆಯೇ ಕಾಣಲಿಲ್ಲ.

ಕೊನೆಗೂ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಕ್ಯಾಮ್ ಉಳಿದಿತ್ತು.

"ಮುಗೀತಲ್ಲ. ಇನ್ನು ಹೋಗಿ," ಅಂದಳು ಅತಿಯಾ, ಮುಖ ಅತ್ತ ತಿರುಗಿಸಿ.

ಮಕ್ಬೂಲ್ ಗ್ರೀಸಿನ ಕೈಯನ್ನು ಅಂಗಿಗೇ ಒರೆಸಿಕೊಂಡು ಫೋನು ತೆಗೆದರು.

"ಆಪಾ, ನಾಳೆ ಬರಬ್ಯಾಡಿ. ಹುಡುಗಿಗೆ ಒಪ್ಪಿಗೆ ಇಲ್ಲ. ಅವಳನ್ನ ಕೇಳ್ದೆ ಹೂಂ ಅಂದವ್ನು ನಾನು. ತಪ್ಪು ನಂದೇ."

ಆ ಕಡೆಯಿಂದ ಕೆಹಕಶಾನ್ ಗಂಟಲು ಹರಿಯುವಂತೆ ಬೈಯತೊಡಗಿದಳು: ಸಾಕಿದ್ದು, ಎತ್ತಿ ಆಡಿಸಿದ್ದು, ತನ್ನ ಪಾಲಿನ ರೊಟ್ಟಿ ಮುರಿದು ತಿನ್ನಿಸಿದ್ದು, ಒಂದೂ ಬಿಡಲಿಲ್ಲ. ಪಕ್ಕದಲ್ಲಿದ್ದ ಅತಿಯಾಗೂ ಎಲ್ಲ ಕೇಳಿಸುತ್ತಿತ್ತು. ಅಪ್ಪ ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ಅವಳು ಕಾದಳು. ಅಕ್ಕ ಬೈದು ಬೈದು ಸುಸ್ತಾಗಿ, ಅತ್ತು, ತಾನಾಗಿಯೇ ಫೋನಿಡುವವರೆಗೂ ಮಕ್ಬೂಲ್ ಸೀಟು ಬಿಟ್ಟು ಏಳಲಿಲ್ಲ.